ಯಾವ ಬೆಂಚಿನವನು?

ಶಾಲೆಯ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಸಾವಿನ ಸುದ್ದಿ ಬಂದಾಗ ಮೊದಲು ಏಳುವ ಪ್ರಶ್ನೆ, "ಯಾರು ಅವನು?" ಹೇಗಾಯ್ತು, ಯಾವಾಗ ಆಯ್ತು ಅನ್ನೋದೆಲ್ಲ ಆಮೇಲೆ. ಹೆಸರು ಹಾಕಿರುತ್ತಾರೆ, ಇನಿಶಿಯಲ್ ಹಾಕಿರುತ್ತಾರೆ, ಆದರೂ ಗೊತ್ತಾಗುವುದಿಲ್ಲ. ಆ ಹೆಸರಿನವರು ಕ್ಲಾಸಿನಲ್ಲಿ ಮೂರು ಜನ ಇರುತ್ತಾರೆ. ಹುಡುಗಿಯರಾದರೆ ಮದುವೆಯಾದ ಮೇಲೆ ಹೆಸರಿನ ಬಾಲ ಬದಲಾಗಿರುತ್ತದೆ. ಹಾಕಿರುವ ಫೋಟೋ ನೋಡಿದರೆ ತಲೆ ಬೋಳಾಗಿದೆ, ಕನ್ನಡಕ ಬಂದಿದೆ, ಇಂಥವನ ಜೊತೆ ನಾವು ಓದೇ ಇಲ್ಲವಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ಯಾರೋ ಬರೆಯುತ್ತಾರೆ: "ಅದೇ ಕಣೋ, ಕಿಟಕಿ ಪಕ್ಕದ ಬೆಂಚು. ಎಡಗೈಯಲ್ಲಿ ಬರೀತಿದ್ದನಲ್ಲ, ಅವನು."

ಅಷ್ಟೇ ಸಾಕು, ಎಲ್ಲರಿಗೂ ಮುಖ ಕಣ್ಣ ಮುಂದೆ ಬಂದುಬಿಡುತ್ತದೆ. ಬರುವುದು ಮಾತ್ರ ಹದಿನಾಲ್ಕು ವರ್ಷದ ಹುಡುಗನ ಮುಖ. ಸತ್ತವನು ಐವತ್ತು ದಾಟಿದ, ಮಕ್ಕಳನ್ನು ದಡ ಸೇರಿಸಿದ ಮನುಷ್ಯ ಅಂತ ಬುದ್ಧಿಗೆ ಗೊತ್ತು. ಆದರೆ ಮನಸ್ಸಿಗೆ ಆ ಹುಡುಗನೇ ಹೋಗಿಬಿಟ್ಟ ಹಾಗೆ.

ಕೂರುತ್ತಿದ್ದ ಜಾಗದಿಂದ ಸತ್ತವರನ್ನು ಗುರುತಿಸುವುದು ಬಹಳ ಹಳೆಯ ವಿದ್ಯೆ. ಗ್ರೀಕ್ ಕವಿ ಸಿಮೊನಿಡೀಸನ ಕಥೆಯನ್ನು ರೋಮಿನ ಸಿಸೆರೋ ಬರೆದಿಟ್ಟಿದ್ದಾನೆ. ಕವಿ ಔತಣದ ಮನೆಯಿಂದ ಹೊರಗೆ ಬಂದಾಗ ಹಿಂದೆಯೇ ಚಾವಣಿ ಕುಸಿಯಿತು. ಒಳಗಿದ್ದವರನ್ನು ಅವರ ಮನೆಯವರೇ ಗುರುತಿಸಲಾಗದ ಸ್ಥಿತಿ. ಯಾರು ಎಲ್ಲಿ ಕೂತಿದ್ದರು ಅನ್ನುವುದು ಕವಿಗೆ ನೆನಪಿತ್ತು. ಒಬ್ಬೊಬ್ಬರನ್ನೇ ತೋರಿಸಿಕೊಟ್ಟನಂತೆ. ಜಾಗದ ಜೊತೆ ನೆನಪನ್ನು ಕಟ್ಟಿಡುವ ಕಲೆ ಅಲ್ಲಿಂದ ಹುಟ್ಟಿತು ಅಂತ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಶಾಲೆಯ ಗುಂಪಿನಲ್ಲಂತೂ ಪ್ರತಿ ಸಲ ನಡೆಯುವುದು ಇದೇ.

ಮುಖ ನೆನಪಿರುತ್ತದೆ, ಹೆಸರು ಬರುವುದಿಲ್ಲ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿ ಬ್ಯಾರಿಕ್ ಮತ್ತು ಸಂಗಡಿಗರು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೈಸ್ಕೂಲು ಬಿಟ್ಟು ಕೆಲವೇ ತಿಂಗಳಾದವರಿಂದ ಹಿಡಿದು ಅರ್ಧ ಶತಮಾನದ ಹತ್ತಿರ ಬಂದವರವರೆಗೆ 392 ಜನರನ್ನು ಕೂರಿಸಿ, ಅವರ ಸಹಪಾಠಿಗಳ ಹಳೆಯ ಫೋಟೋಗಳನ್ನು ಬೇರೆಯವರ ಫೋಟೋಗಳ ಜೊತೆ ಬೆರೆಸಿ ತೋರಿಸಿದರು. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದವರೂ ಸುಮಾರು ನೂರಕ್ಕೆ ತೊಂಬತ್ತರಷ್ಟು ಮುಖಗಳನ್ನು ಸರಿಯಾಗಿ ಹಿಡಿದರು. ಏನನ್ನೂ ತೋರಿಸದೆ "ಹೆಸರು ಹೇಳಿ" ಅಂದಾಗ ಮಾತ್ರ ಸೋತರು. ನಮ್ಮ ಗುಂಪಿನಲ್ಲಿ ಯಾರಾದರೂ "ಅಯ್ಯೋ, ಅವನ ಹೆಸರೇ ಮರೆತುಹೋಗಿತ್ತು" ಅಂತ ನಾಚಿಕೊಂಡರೆ ಈ ಅಧ್ಯಯನದ ಕಥೆ ಹೇಳುತ್ತೇನೆ.

ಮೊದಲ ಸಾವು ಶಾಲೆಯಲ್ಲಿರುವಾಗಲೇ ಆಗಿದ್ದರೆ ಅದು ಬೇರೆ ರೀತಿ ಉಳಿಯುತ್ತದೆ. ನಮ್ಮಲ್ಲಿ ಒಬ್ಬ ಹುಡುಗ ರಜೆಗೆ ಹೋದವನು ವಾಪಸ್ ಬರಲಿಲ್ಲ. ರಸ್ತೆ ದಾಟುವಾಗ ಲಾರಿ. ಇವತ್ತಿಗೂ ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಎಷ್ಟೋ ಬ್ಯಾಚುಗಳ ಮೊದಲ ಹೆಸರು ರೋಗದಿಂದ ಹೋದವರದ್ದಲ್ಲ. ಆಗ ನಮಗೆ ಈ ಅಂಕಿಅಂಶ ಯಾರಿಗೆ ಗೊತ್ತಿತ್ತು? ಗೊತ್ತಿದ್ದದ್ದು ಹಾಜರಿ ಮಾತ್ರ.

ಕ್ಲಾಸ್ ಟೀಚರು ಹಾಜರಿ ಪುಸ್ತಕ ತೆಗೆದು ನಂಬರು ಕೂಗುತ್ತಿದ್ದರು. ಅವನ ನಂಬರು ಹದಿನೇಳು. ಮೊದಲ ದಿನ ಹದಿನಾರು ಕೂಗಿ ನಿಲ್ಲಿಸಿದರು. ಪೆನ್ನಿನ ತುದಿಯನ್ನು ಆ ಸಾಲಿನ ಮೇಲೆ ಇಟ್ಟುಕೊಂಡೇ ಇದ್ದರು. ಆಮೇಲೆ ಹದಿನೆಂಟು ಅಂದರು. ಹದಿನೆಂಟನೆಯವಳು "ಎಸ್ ಮಿಸ್" ಅನ್ನುವುದನ್ನೇ ಮರೆತಳು. ಒಂದು ವಾರ ಕಳೆಯುವಷ್ಟರಲ್ಲಿ ಹದಿನಾರು, ಹದಿನೆಂಟು ಒಂದರ ಹಿಂದೆ ಒಂದು ಸಲೀಸಾಗಿ ಬರತೊಡಗಿದವು. ತಿಂಗಳ ಕೊನೆಗೆ ಯಾರೋ ಇಣುಕಿ ನೋಡಿ ಬಂದು ಹೇಳಿದರು, ಆ ಸಾಲಿನ ಉದ್ದಕ್ಕೂ ಕೆಂಪು ಇಂಕಿನ ಗೆರೆ ಎಳೆದಿದ್ದಾರೆ ಅಂತ. ಮುಂದಿನ ವರ್ಷ ಹೊಸ ಪುಸ್ತಕ ಬಂತು. ಹದಿನೇಳು ಬೇರೆಯವನಿಗೆ ಹೋಯಿತು. ಅವನಿಗೆ ಆ ನಂಬರು ಬೇಡವಾಗಿತ್ತು. ಆದರೆ ಬೇಡ ಅಂತ ಹೇಳುವುದು ಹೇಗೆ, ಯಾರಿಗೆ?

ಆ ದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ ಇರಲಿಲ್ಲ. ಒಂದು ದಿನ ರಜೆ ಕೊಟ್ಟರು, ಮಾರನೇ ದಿನ ಪಾಠ. ಈಗ ಎಷ್ಟೋ ಶಾಲೆಗಳಲ್ಲಿ ಆಪ್ತಸಮಾಲೋಚಕರು ಇದ್ದಾರೆ, ಒಳ್ಳೆಯದೇ. ಆದರೂ ಆ ಟೀಚರ್ ಪೆನ್ನು ಹಿಡಿದು ನಿಂತ ಅಷ್ಟು ಹೊತ್ತು ನಮಗೆ ಏನೋ ಒಂದನ್ನು ಹೇಳಿತ್ತು ಅಂತ ನನಗೆ ಅನ್ನಿಸುತ್ತದೆ. ದೊಡ್ಡವರಿಗೂ ಏನು ಮಾಡಬೇಕು ಅಂತ ಗೊತ್ತಿಲ್ಲ ಅನ್ನುವುದು ಗೊತ್ತಾಗಿ ಒಂಥರಾ ಸಮಾಧಾನವೂ ಆಗಿತ್ತು.

ಸಹಪಾಠಿ ಸತ್ತಾಗ ಎಷ್ಟು ಅಳಬಹುದು ಅನ್ನುವುದೇ ಒಂದು ಗೊಂದಲ. ಬಂಧು ಅಲ್ಲ, ಈಗಿನ ಗೆಳೆಯನೂ ಅಲ್ಲ. ಫೋನಿನಲ್ಲಿ ಮಾತಾಡಿ ವರ್ಷಗಳಾಗಿರುತ್ತವೆ. ಆಫೀಸಿನಲ್ಲಿ "ಏನಾಯ್ತು, ಯಾಕೆ ಡಲ್ಲಾಗಿದ್ದೀರಿ?" ಅಂತ ಕೇಳಿದರೆ, "ಏಳನೇ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದವಳು ಹೋಗಿಬಿಟ್ಟಳು" ಅಂತ ಹೇಳಲು ಬಾಯಿ ಬರುವುದಿಲ್ಲ. ಇದಕ್ಕೆ ಯಾರೂ ರಜೆ ಕೊಡುವುದಿಲ್ಲ, ಕೇಳುವುದಕ್ಕೂ ಮುಜುಗರ. ಅಮೆರಿಕದ ಕೆನೆತ್ ಡೋಕಾ ಅನ್ನುವ ವಿದ್ವಾಂಸರು 1989ರಲ್ಲಿ ಇಂಥ ದುಃಖಗಳ ಬಗ್ಗೆಯೇ ಬರೆದರು. ಸಮಾಜ ಗುರುತಿಸದ, ಬಹಿರಂಗವಾಗಿ ಪಡಲು ಹಕ್ಕೇ ಇಲ್ಲದ ದುಃಖಗಳು ಇವು. ಸಹೋದ್ಯೋಗಿಯ ಸಾವು, ಬಿಟ್ಟುಹೋದ ಸಂಗಾತಿಯ ಸಾವು, ಸಾಕಿದ ಪ್ರಾಣಿಯ ಸಾವು, ಎಲ್ಲ ಇದೇ ಸಾಲಿಗೆ ಸೇರುತ್ತವೆ. ಶಾಲೆಯ ಗೆಳೆಯರನ್ನೂ ನಾನು ಅಲ್ಲಿಗೇ ಸೇರಿಸುತ್ತೇನೆ.

ಆ ಮುಜುಗರಕ್ಕೇ ಇರಬೇಕು ಗುಂಪಿನಲ್ಲಿ ಎಲ್ಲರೂ ಒಂದೇ ಥರ ಬರೆಯುವುದು. ಕೈ ಮುಗಿದ ಚಿತ್ರ, ಅದರ ಕೆಳಗೆ ಕೈ ಮುಗಿದ ಚಿತ್ರ, ಮತ್ತೆ ಕೈ ಮುಗಿದ ಚಿತ್ರ. ಎರಡು ಗಂಟೆ ಬಿಟ್ಟು ಇನ್ಯಾರದೋ ಹುಟ್ಟುಹಬ್ಬ, ಕೇಕಿನ ಚಿತ್ರ. ಇದನ್ನು ಕಂಡು ಬೈಯುವವರಿದ್ದಾರೆ. ನನಗೆ ಬೈಯಲು ಮನಸ್ಸಿಲ್ಲ. ಬದುಕಿರುವವರ ಹುಟ್ಟುಹಬ್ಬ ಅದೇ ದಿನ ಬಂದರೆ ಅವರೇನು ಮಾಡಬೇಕು? ನನ್ನ ತಕರಾರು ಬೇರೆ. ಐವತ್ತು ಜನ ಕೈ ಮುಗಿದರು, ಒಬ್ಬರೂ ಅವನ ಬಗ್ಗೆ ಒಂದು ವಾಕ್ಯ ಬರೆಯಲಿಲ್ಲ. ಕಿಟಕಿ ಪಕ್ಕದ ಬೆಂಚು, ಎಡಗೈ ಬರವಣಿಗೆ, ಅದೊಂದೇ ವಾಕ್ಯ. ಅದೂ ಗುರುತು ಹಿಡಿಯಲು ಬೇಕಾಗಿತ್ತು ಅಂತ ಬಂದದ್ದು.

ಯಾಕೆ ವಾಕ್ಯ ಬೇಕು ಅಂದರೆ, ಅದು ಬೇರೆ ಯಾರ ಬಳಿಯೂ ಇಲ್ಲ. ಹೆಂಡತಿಗೆ ಗೊತ್ತಿರುವುದು ಮದುವೆಯಾದ ನಂತರದ ಗಂಡ. ಮಕ್ಕಳಿಗೆ ಗೊತ್ತಿರುವುದು ಅಪ್ಪ. ಹೆತ್ತವರಿಗೆ ಮನೆಯ ಹುಡುಗ ಗೊತ್ತು, ಶಾಲೆಯೊಳಗಿನ ಹುಡುಗ ಗೊತ್ತಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಯಾರ ಜೊತೆ ಜಗಳ ಆಡಿದ, ಯಾರಿಗೆ ಉತ್ತರ ತೋರಿಸಿದ, ಯಾವ ಮೇಷ್ಟ್ರ ನಡಿಗೆಯನ್ನು ಅನುಕರಿಸಿ ಸಿಕ್ಕಿಬಿದ್ದ, ಇದೆಲ್ಲ ಇರುವುದು ನಮ್ಮ ಹತ್ತಿರ. ನಾವು ಹೇಳದಿದ್ದರೆ ಅಷ್ಟು ಭಾಗ ಯಾರಿಗೂ ಸಿಗುವುದಿಲ್ಲ.

ಮೇಷ್ಟ್ರುಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡಾಗ ಅವರ ಮಗಳಿಗೆ ಒಂದು ಕಾಗದ ಬರೆದೆ. ದೊಡ್ಡ ವಿಷಯವೇನೂ ಇರಲಿಲ್ಲ. ಮೇಷ್ಟ್ರು ಹೊಸ ಚಾಕ್‌ಪೀಸ್ ತೆಗೆದ ತಕ್ಷಣ ಪಟ್ ಅಂತ ಎರಡು ತುಂಡು ಮಾಡುತ್ತಿದ್ದರು. ಒಂದು ತುಂಡು ಜೇಬಿಗೆ, ಒಂದು ಕೈಗೆ. ಇಡೀ ಚಾಕ್‌ಪೀಸಿನಲ್ಲಿ ಬರೆದರೆ ಕರ್ರ್ ಅಂತ ಸದ್ದು ಬರುತ್ತದೆ, ಹಿಂದಿನ ಬೆಂಚಿನವರು ಹಲ್ಲು ಕಚ್ಚಿಕೊಂಡು ಕಿವಿ ಮುಚ್ಚುತ್ತಾರೆ. ತುಂಡಿನಲ್ಲಿ ಬರೆದರೆ ಆ ಸದ್ದು ಇಲ್ಲ. ಪಾಠ ಮುಗಿಯುವಷ್ಟರಲ್ಲಿ ಅವರ ಅಂಗಿಯ ಜೇಬಿನ ತಳ ಬೆಳ್ಳಗಾಗಿರುತ್ತಿತ್ತು. ಇಷ್ಟೇ ಬರೆದದ್ದು. ಮಗಳು ಫೋನ್ ಮಾಡಿದರು. "ಮನೆಯಲ್ಲಿ ಆ ಜೇಬಿನ ಬಿಳಿ ಕಲೆ ತೊಳೆದೂ ತೊಳೆದೂ ಅಮ್ಮ ಬೈಯುತ್ತಿದ್ದರು. ಯಾಕೆ ಜೇಬಿಗೆ ಹಾಕಿಕೊಳ್ಳುತ್ತಾರೆ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ" ಅಂದರು. ನಕ್ಕರು, ಆಮೇಲೆ ಅತ್ತರು. ಅರ್ಧ ಅವರ ಹತ್ತಿರ ಇತ್ತು, ಅರ್ಧ ನಮ್ಮ ಹತ್ತಿರ ಇತ್ತು.

"ಶ್ರೇಷ್ಠ ಗುರುಗಳು, ಮಾರ್ಗದರ್ಶಕರು, ಅವರ ಅಗಲಿಕೆ ತುಂಬಲಾರದ ನಷ್ಟ" ಅಂತ ಬರೆದಿದ್ದರೆ ಆ ಫೋನ್ ಬರುತ್ತಿರಲಿಲ್ಲ ಅಲ್ವಾ? ಆ ಮಾತು ಯಾವ ಮೇಷ್ಟ್ರಿಗೆ ಹಾಕಿದರೂ ಹೊಂದುತ್ತದೆ. ಅದೇ ಅದರ ತೊಂದರೆ.

ಹಾಗಂತ ಎಲ್ಲ ಮೇಷ್ಟ್ರುಗಳೂ ದೇವರಾಗಿರಲಿಲ್ಲ. ಹೊಡೆದವರಿದ್ದರು. ಹೊಡೆತ ಮರೆಯಬಹುದು, ಅವಮಾನ ಮಾಡಿದ್ದು ಮರೆಯುವುದಿಲ್ಲ. ಒಬ್ಬರು ತೀರಿಕೊಂಡಾಗ ಗುಂಪಿನಲ್ಲಿ ಎಲ್ಲರೂ ಹೊಗಳುತ್ತಿದ್ದರೆ ಒಬ್ಬ ಗೆಳತಿ ಸುಮ್ಮನಿದ್ದಳು. ಆಮೇಲೆ ನನಗೊಬ್ಬನಿಗೇ ಬರೆದಳು: "ಇಡೀ ಕ್ಲಾಸಿನ ಮುಂದೆ ನನ್ನ ಬಣ್ಣದ ಬಗ್ಗೆ ಮಾತಾಡಿದ್ದರು. ನಾನು ಏನು ಬರೀಲಿ?" ಏನೂ ಬರೆಯಬೇಡ ಅಂದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದರೆ ಸಾವಾದ ದಿನ, ಮನೆಯವರೂ ಓದುವ ಜಾಗದಲ್ಲಿ, ಬೇಡ. ಸುಳ್ಳೂ ಬೇಡ. ಸುಮ್ಮನಿರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವಳ ನೆನಪೂ ಆ ಮೇಷ್ಟ್ರ ಒಂದು ಭಾಗವೇ. ಅದನ್ನು ಹೇಳಲು ಅವಳಿಗೆ ಬೇರೆ ದಿನ, ಬೇರೆ ಜಾಗ ಸಿಗಲಿ.

ತಾವೇ ಜೀವ ಕಳೆದುಕೊಂಡವರ ವಿಷಯ ಬಂದಾಗ ಗುಂಪು ಎರಡು ಥರ ವರ್ತಿಸುತ್ತದೆ. ಒಂದೋ ಹೆಸರೇ ಎತ್ತುವುದಿಲ್ಲ, ಇಲ್ಲ ಹೇಗೆ, ಎಲ್ಲಿ, ಯಾಕೆ ಅಂತ ಪತ್ತೇದಾರಿ ಶುರು. ಎರಡೂ ತಪ್ಪು. ಶಾಲೆಗಳಿಗೆ ತಜ್ಞರು ಕೊಡುವ ಸಲಹೆ ನನಗೆ ಹಿಡಿಸಿತು. ಬೇರೆ ಯಾವುದೇ ಸಾವಾಗಿದ್ದರೆ ಎಷ್ಟು ನೆನೆಯುತ್ತಿದ್ದಿರೋ ಅಷ್ಟೇ ನೆನೆಯಿರಿ, ವಿಧಾನದ ವಿವರ ಬೇಡ, ಕಾರಣ ಇದೊಂದೇ ಅಂತ ತೀರ್ಪು ಕೊಡಬೇಡಿ, ಅದನ್ನೊಂದು ದೊಡ್ಡ ಸಾಹಸದಂತೆ ತೋರಿಸಬೇಡಿ. ಹಾಗೆ ಹೋದ ನಮ್ಮ ಒಬ್ಬ ಸಹಪಾಠಿ ರಂಗೋಲಿ ಬಿಡಿಸುತ್ತಿದ್ದಳು, ಲೆಕ್ಕದಲ್ಲಿ ಜಾಣೆ, ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ಆ ಕೊನೆಯ ದಿನ ಅವಳ ಬದುಕಿನ ಒಂದು ದಿನ ಮಾತ್ರ.

ಈ ಪಟ್ಟಿ ಮುಂದೆ ಉದ್ದವಾಗುತ್ತಲೇ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ವೇಗವಾಗಿ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಇಂಗ್ಲೆಂಡಿನ ಬೆಂಜಮಿನ್ ಗೊಂಪರ್ಟ್ಜ್ ವಿಮೆಯ ಲೆಕ್ಕ ಹಾಕುತ್ತಿದ್ದವನು. ದೊಡ್ಡವರಾದ ಮೇಲೆ ಸಾಯುವ ಸಂಭವ ವಯಸ್ಸಿನ ಜೊತೆ ಗುಣಿಸಿಕೊಂಡು ಏರುತ್ತದೆ ಅಂತ 1825ರಲ್ಲಿ ತೋರಿಸಿದ. ಈಗಿನ ಲೆಕ್ಕದಲ್ಲಿ ಸುಮಾರು ಎಂಟು ವರ್ಷಕ್ಕೊಮ್ಮೆ ಅದು ಎರಡರಷ್ಟಾಗುತ್ತದೆ. ಅಂದರೆ ಮೂವತ್ತರಲ್ಲಿ ಇದ್ದದ್ದಕ್ಕಿಂತ ಅರವತ್ತರಲ್ಲಿ ಹತ್ತು ಪಟ್ಟಿಗೂ ಜಾಸ್ತಿ. ಒಂದು ಬ್ಯಾಚಿನವರೆಲ್ಲ ಒಂದೇ ವಯಸ್ಸಿನವರು. ಮನೆತನದಲ್ಲಾದರೆ ಹಿರಿಯರು, ಕಿರಿಯರು ಇರುತ್ತಾರೆ, ಸಾವು ಹಂಚಿಕೊಂಡು ಬರುತ್ತದೆ. ಬ್ಯಾಚಿನಲ್ಲಿ ಹಾಗಿಲ್ಲ. ಇಷ್ಟು ದಿನ ಅಪರೂಪಕ್ಕೆ ಬರುತ್ತಿದ್ದ ಸುದ್ದಿ ಇದ್ದಕ್ಕಿದ್ದಂತೆ ಸಾಲಾಗಿ ಬರತೊಡಗಿದರೆ ಯಾರ ದೃಷ್ಟಿಯೂ ತಾಗಿದ್ದಲ್ಲ, ಅದು ಗುಣಾಕಾರ. ನಮ್ಮ ಗಣಿತದ ಮೇಷ್ಟ್ರಿಗೆ ಈ ಲೆಕ್ಕ ಹಿಡಿಸುತ್ತಿತ್ತು.

ಹೀಗೆ ಸುದ್ದಿ ಹಂಚಿಕೊಳ್ಳುವಾಗ ನಾವು ಮರೆಯುವುದು ಬದುಕಿರುವ ಶಿಕ್ಷಕರನ್ನು. ಅವರು ನಮ್ಮ ಗುಂಪಿನಲ್ಲಿ ಇರುವುದಿಲ್ಲ. ಇಬ್ಬರು ಗೆಳೆಯರ ಜೊತೆ ನಮ್ಮ ವಿಜ್ಞಾನದ ಟೀಚರನ್ನು ನೋಡಲು ಹೋಗಿದ್ದೆ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ಎಲ್ಲರನ್ನೂ ವಿಚಾರಿಸಿಕೊಂಡರು. ಆಮೇಲೆ, "ನಿಮ್ಮ ಜೊತೆ ಇನ್ನೊಬ್ಬ ಇರ್ತಿದ್ದನಲ್ಲೋ, ಉದ್ದಕ್ಕೆ. ಅವನೆಲ್ಲಿ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಕೊನೆಗೆ ಒಬ್ಬ ಹೇಳಿದ, "ಅವನು ಹೋಗಿ ತುಂಬಾ ವರ್ಷ ಆಯ್ತು ಟೀಚರ್."

"ನನಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದರು. ದನಿಯಲ್ಲಿ ಸಿಟ್ಟಿತ್ತು, ಹೋಂವರ್ಕ್ ತರದಿದ್ದಾಗ ಬರುತ್ತಿದ್ದ ಸಿಟ್ಟು. "ಇಷ್ಟು ವರ್ಷ ಅವನು ಎಲ್ಲೋ ಇದ್ದಾನೆ ಅಂತಲೇ ಅಂದುಕೊಂಡಿದ್ದೆ. ಅವನಿಗೊಂದು ಸಲ ಸುಮ್ಸುಮ್ನೆ ಬೈದಿದ್ದೆ ಕಣೋ, ಟೆಸ್ಟ್ ಟ್ಯೂಬ್ ಒಡೆದದ್ದು ಬೇರೆ ಯಾರೋ." ಒಡೆದವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಶಿಷ್ಯ ಮೊದಲು ಹೋಗುವುದು, ಗುರು ಉಳಿಯುವುದು, ಇದರ ಬಗ್ಗೆ ನಾವು ಯೋಚಿಸುವುದು ಕಡಿಮೆ. 1957ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ತನ್ನ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜೆರ್ಮೇನ್ ಅವರಿಗೆ ಕಾಗದ ಬರೆದ. ಸುದ್ದಿ ಕೇಳಿದಾಗ ತಾಯಿಯ ನಂತರ ಮೊದಲು ನೆನಪಾದದ್ದು ನೀವೇ ಅಂತ ಅದರಲ್ಲಿತ್ತು. ತಂದೆಯಿಲ್ಲದ ಬಡ ಹುಡುಗನನ್ನು ಮುಂದಕ್ಕೆ ಓದಿಸಲು ಮನೆಯವರನ್ನು ಒಪ್ಪಿಸಿದವರು ಅವರು. ಈ ಕಾಗದ ಎಲ್ಲರಿಗೂ ಗೊತ್ತು, ಶಿಕ್ಷಕರ ದಿನಾಚರಣೆಗೆ ಓಡಾಡುತ್ತಿರುತ್ತದೆ. ಆಮೇಲಿನದು ಅಷ್ಟಾಗಿ ಓಡಾಡುವುದಿಲ್ಲ. 1960ರ ಜನವರಿ 4ರಂದು ಕಮೂ ಕಾರು ಅಪಘಾತದಲ್ಲಿ ತೀರಿಕೊಂಡ, ಆಗ ಅವನಿಗೆ 46 ವರ್ಷ. ಮೇಷ್ಟ್ರು ಇನ್ನೂ ಇದ್ದರು.

ಇನ್ನು ಕೆಲಸಕ್ಕೆ ಬರುವ ಒಂದೆರಡು ಮಾತು. ಸತ್ತವರ ಫೋನ್ ನಂಬರು ಅವರದ್ದಾಗಿಯೇ ಉಳಿಯುವುದಿಲ್ಲ. ಬಳಕೆಯಿಲ್ಲದ ನಂಬರನ್ನು ಕಂಪನಿ ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತದೆ. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ತಾನಾಗಿಯೇ ಅಳಿಯುತ್ತದೆ. ನನ್ನ ಫೋನಿನಲ್ಲಿ ಒಬ್ಬ ಗೆಳೆಯನ ಹೆಸರಿನ ಮುಂದೆ ಈಗ ಯಾರದೋ ಮಗುವಿನ ಫೋಟೋ ಇದೆ. ಮೊದಲ ಸಲ ನೋಡಿದಾಗ ಎದೆ ಧಸಕ್ ಅಂದಿತ್ತು. ಈಗ ಆ ಮಗು ಶಾಲೆಗೆ ಹೋಗುವಷ್ಟು ಬೆಳೆದಿದೆ, ಬ್ಯಾಗ್ ಹಾಕಿಕೊಂಡು ನಿಂತ ಫೋಟೋ ಬಂದಿದೆ. ಅಳಿಸಲು ಮನಸ್ಸು ಬಂದಿಲ್ಲ. ಫೇಸ್‌ಬುಕ್ಕಿನಲ್ಲಾದರೆ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಾಯಿಸಿ ಅಂತ ಕೇಳಬಹುದು, ಸಾವಿನ ದಾಖಲೆ ಬೇಕಾಗುತ್ತದೆ. ಹಾಗೆ ಮಾಡಿದರೆ "ಇವತ್ತು ಇವರ ಹುಟ್ಟುಹಬ್ಬ, ಶುಭಾಶಯ ಹೇಳಿ" ಅನ್ನುವ ಸೂಚನೆ ಬರುವುದು ನಿಲ್ಲುತ್ತದೆ. ಇದನ್ನು ಮಾತ್ರ ಮನೆಯವರನ್ನು ಕೇಳಿಯೇ ಮಾಡಬೇಕು. ಕೆಲವರಿಗೆ ಆ ಶುಭಾಶಯಗಳೇ ಬೇಕು.

ಸತ್ತ ಸುದ್ದಿ ಹಾಕುವ ಮೊದಲು ಮನೆಯವರಿಗೆ ಅಥವಾ ಹತ್ತಿರದವರಿಗೆ ಒಂದು ಫೋನ್ ಮಾಡಿ. ಒಂದೇ ಹೆಸರಿನ ಇನ್ನೊಬ್ಬನಿಗೆ ಜನ ಕೈ ಮುಗಿದ ಉದಾಹರಣೆ ನಮ್ಮಲ್ಲೇ ಇದೆ. ಅವನೇ ಬಂದು "ನಾನಿನ್ನೂ ಇದ್ದೀನಿ ಕಣ್ರೋ" ಅಂತ ಬರೆದ. ಈಗ ನಗುತ್ತೇವೆ.

ಹಣ ಕೂಡಿಸಿ ದತ್ತಿ ಬಹುಮಾನ ಇಡುವುದು ಎಲ್ಲರಿಗೂ ಹೊಳೆಯುವ ದಾರಿ. ಒಳ್ಳೆಯದೇ, ಆದರೆ ಲೆಕ್ಕ ನೋಡಿ ಇಡಬೇಕು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ದುಡ್ಡಿನ ಬೆಲೆ ಅರ್ಧ. ಬಡ್ಡಿ ಪೂರ್ತಿ ಬಹುಮಾನಕ್ಕೇ ಹೋಗಿ ಅಸಲು ಇದ್ದಷ್ಟೇ ಇದ್ದರೆ, ಒಂದು ತಲೆಮಾರಿನ ಹೊತ್ತಿಗೆ ಆ ಬಹುಮಾನಕ್ಕೆ ಕಾಲು ಭಾಗದಷ್ಟೂ ಬೆಲೆ ಉಳಿಯುವುದಿಲ್ಲ. ವೇದಿಕೆಯ ಮೇಲೆ ಸತ್ತವರ ಹೆಸರು ಕೂಗಿ ಅಷ್ಟು ಕೊಟ್ಟರೆ ಮಕ್ಕಳು ನಗುತ್ತಾರೆ. ಬಡ್ಡಿಯ ಒಂದು ಪಾಲನ್ನು ಅಸಲಿಗೇ ಸೇರಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಇಷ್ಟು ವರ್ಷ ಅಂತ ಮೊದಲೇ ನಿಗದಿ ಮಾಡಿ ಪೂರ್ತಿ ಖರ್ಚು ಮಾಡಿ ಮುಗಿಸಬೇಕು. ನನ್ನ ಮತ ಎರಡನೆಯದಕ್ಕೆ. ಅದಕ್ಕಿಂತ ಬಹುಮಾನದ ಜೊತೆ ಆ ವ್ಯಕ್ತಿಯ ಬಗ್ಗೆ ಅರ್ಧ ಪುಟ ಬರೆದು ಕೊಟ್ಟರೆ, ಪಡೆದ ಮಗುವಿಗೆ ಇದು ಯಾರ ಹೆಸರು ಅಂತಲಾದರೂ ಗೊತ್ತಾಗುತ್ತದೆ.

ಮುಂದಿನ ಬಾರಿ ಎಲ್ಲರೂ ಸೇರುವಾಗ ಎರಡು ನಿಮಿಷ ಮೌನ, ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ ಮಸುಕು ಮುಖಗಳು, ಇಷ್ಟಕ್ಕೇ ಮುಗಿಸಬಾರದು ಅಂತ ಈಗ ತೀರ್ಮಾನ ಆಗಿದೆ. ಹೋದವರ ಒಂದೊಂದು ಹೆಸರನ್ನು ಒಬ್ಬೊಬ್ಬರು ತೆಗೆದುಕೊಳ್ಳಬೇಕು. ಅರ್ಧ ಪುಟ ಬರೆದು ತಂದು ಓದಬೇಕು, ಹೊಗಳಿಕೆಯ ಮಾತು ಒಂದೂ ಇರಬಾರದು, ಕಣ್ಣಾರೆ ಕಂಡದ್ದು ಮಾತ್ರ. ಓದಿದ್ದನ್ನು ಮನೆಯವರಿಗೆ ಕಳಿಸುವುದು. ಎಡಗೈಯವನನ್ನು ಅವನ ಪಕ್ಕ ಕೂರುತ್ತಿದ್ದವನು ತೆಗೆದುಕೊಂಡ. ಬರೆಯುವಾಗ ಮೊಣಕೈ ತಾಗಿ ತಾಗಿ ಜಗಳ ಆಗುತ್ತಿತ್ತಂತೆ, ಅದನ್ನೇ ಬರೆಯುತ್ತೇನೆ ಅಂದಿದ್ದಾನೆ. ಹದಿನೇಳನೇ ನಂಬರಿನವನನ್ನು ಆ ಹದಿನೆಂಟನೆಯವಳು ಕೇಳಿ ಪಡೆದುಕೊಂಡಳು. ಪಿ.ಟಿ. ಮೇಷ್ಟ್ರಿಗೆ ನಾಲ್ಕು ಜನ ಕಿತ್ತಾಡುತ್ತಿದ್ದಾರೆ. ಹೆಡ್‌ಮಾಸ್ಟರಿಗೆ ಮಾತ್ರ ಇನ್ನೂ ಯಾರೂ ಮುಂದೆ ಬಂದಿಲ್ಲ. ಅವರ ಕೈಯಲ್ಲಿ ಜಾಸ್ತಿ ಏಟು ತಿಂದವನು ಯಾರು ಅಂತ ವಿಚಾರಣೆ ನಡೆದಿದೆ, ಅವನಿಗೇ ಕೊಡೋಣ ಅಂತ.